ವಾರ್ಧಾದ ಭಾಷಣವೂ ನಮ್ಮ ಮನೆಯ ಮಕ್ಕಳೂ

ದೇಶನಾಯಕರ ಭಾಷಣಗಳನ್ನು ನಾವು ಗೃಹಸ್ಥರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಓದುವೆವು. ನಾಯಕರು ನಮಗೆ ಬೇಕಾದವರಾದರೆ ತಲೆದೂಗುತ್ತ ಓದುವೆವು. ಬೇಡವಾದವರಾದರೆ ತಪ್ಪು ಹುಡುಕುತ್ತ ಓದುವೆವು. ಆ ಮಾತು ನಮ್ಮ ಹೊಸ್ತಿಲು ದಾಟಿ ಬಂದು ನಮ್ಮ ಮಕ್ಕಳ ಪುಸ್ತಕದ ಚೀಲವನ್ನೇ ಮುಟ್ಟಿದರೆ ಏನಾಗುವುದೆಂದು ಯೋಚಿಸುವವರು ಅಪರೂಪ. ಮಹಾತ್ಮಾ ಗಾಂಧಿಯವರು ೧೯೩೭ನೆಯ ಇಸವಿ ಅಕ್ಟೋಬರ್ ೨೨ನೆಯ ತಾರೀಖಿನಂದು ವಾರ್ಧಾದಲ್ಲಿ ಮಾಡಿದ ಭಾಷಣವನ್ನು ನಾನು ಹಿಂದೊಮ್ಮೆ ತಲೆದೂಗುತ್ತಲೇ ಓದಿ ಮುಚ್ಚಿಟ್ಟಿದ್ದೆನು. ಕಳೆದ ತಿಂಗಳು ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯ ದೆಸೆಯಿಂದ ಅದನ್ನು ಪುನಃ ತೆಗೆದು ಓದಬೇಕಾಯಿತು. ಈ ಸಲ ತಲೆದೂಗುವುದು ಅಷ್ಟು ಸುಲಭವಾಗಲಿಲ್ಲ. ಅದೇತಕ್ಕೆಂಬುದನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳುವೆನು.

ಸಂಗತಿ ಇಷ್ಟೆ. ಮನೆಯ ಮೂರು ಕಿಟಕಿಗಳಿಗೆ ಪರದೆ ಹೊಲಿಸಬೇಕೆಂದು ಬೀದಿಯ ಕೊನೆಯಲ್ಲಿರುವ ದರ್ಜಿಯನ್ನು ಕರೆಯಿಸಿದೆವು. ಬಟ್ಟೆ ಎಷ್ಟು ತರಬೇಕೆಂದು ನಾನು ಕೇಳುವಷ್ಟರಲ್ಲಿ, ಎಂಟನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗನು ಮುಂದೆ ಬಂದು, "ನಾನು ಹೇಳ್ತೀನಿ ತಾತ. ಎತ್ತರ ಐದಡಿ, ಅಗಲ ನಾಲ್ಕಡಿ. ಒಂದು ಕಿಟಕಿಗೆ ಇಪ್ಪತ್ತು ಚದರಡಿ, ಮೂರಕ್ಕೆ ಅರವತ್ತು" ಎಂದನು. ಗಣಿತದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಅಂಕ ಪಡೆಯುವ ಹುಡುಗನು. ನನಗೂ ಹೆಮ್ಮೆಯೇ ಆಯಿತು.

ದರ್ಜಿಯು ನಕ್ಕು, "ಲೆಕ್ಕ ಸರಿಯಾಗಿದೆ ಮರಿ. ಆದರೆ ಅಂಗಡಿಯಲ್ಲಿ ಬಟ್ಟೆ ಚದರಡಿಯಲ್ಲಿ ಕೊಡೋದಿಲ್ಲವಲ್ಲ" ಎಂದನು. ಬಳಿಕ ಬೆರಳು ಮಡಿಸುತ್ತ ಹೇಳಿದನು: ಬಟ್ಟೆಯ ಪನ್ನ ೪೮ ಅಂಗುಲ, ಕಿಟಕಿಯ ಅಗಲವೂ ಅಷ್ಟೆ. ಆದರೆ ನಿರಿಗೆ ಬೀಳದ ಪರದೆ ಪರದೆಯಲ್ಲ. ಆದುದರಿಂದ ಕಿಟಕಿಗೆ ಎರಡು ತುಂಡು ಬೇಕು. ಎತ್ತರ ೬೦ ಅಂಗುಲ, ಮೇಲಿನ ಮತ್ತು ಕೆಳಗಿನ ಮಡಿಕೆಗೆ ೮ ಅಂಗುಲ. ಒಂದು ತುಂಡಿಗೆ ೬೮, ಎರಡಕ್ಕೆ ೧೩೬, ಮೂರು ಕಿಟಕಿಗೆ ೪೦೮ ಅಂಗುಲ. "ಹತ್ತೂವರೆ ಮೀಟರು ತನ್ನಿ ರಾಯರೆ, ಸ್ವಲ್ಪ ಮಿಗುತ್ತೆ, ಅದರಲ್ಲಿ ಕಟ್ಟುವ ಪಟ್ಟಿ ಮಾಡಿಬಿಡ್ತೀನಿ."

ಆತನು ಓದಿರುವುದು ನಾಲ್ಕನೆಯ ತರಗತಿಯವರೆಗೆ. ನನಗೆ ಕೂಡಲೆ ವಾರ್ಧಾದ ಭಾಷಣವು ನೆನಪಾಯಿತು. ಕೈಯ ಮೂಲಕವಾಗಿ ಬುದ್ಧಿಯನ್ನು ಬೆಳೆಯಿಸಬೇಕೆಂದು ಮಹಾತ್ಮರು ಹೇಳಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವುಂಟೆ? ಆ ಉತ್ಸಾಹದಲ್ಲಿಯೇ, "ಈ ವಿದ್ಯೆಯನ್ನು ನಿಮ್ಮ ಮಗನಿಗೂ ಕಲಿಸಿದ್ದೀರಷ್ಟೆ?" ಎಂದು ಕೇಳಿದೆನು. ದರ್ಜಿಯ ಮುಖದ ನಗೆಯು ಮಾಯವಾಯಿತು. "ಬೇಡಿ ಸ್ವಾಮಿ. ಅವನನ್ನು ಮಿಷನ್ನಿನ ಹತ್ತಿರಕ್ಕೂ ಬಿಡೋದಿಲ್ಲ. ಅವನು ಓದಲಿ" ಎಂದನು.

ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು ನಾನು ಆ ರಾತ್ರಿ ಹಳೆಯ ಪುಸ್ತಕವನ್ನು ಹುಡುಕಿ ತೆಗೆದೆನು.

ಭಾಷಣದ ಸಂದರ್ಭವನ್ನು ಮೊದಲು ತಿಳಿಯಬೇಕು. ೧೯೩೫ನೆಯ ಇಸವಿಯ ಶಾಸನದ ಮೇರೆಗೆ ಚುನಾವಣೆಗಳು ನಡೆದು, ೧೯೩೭ನೆಯ ಜುಲೈ ತಿಂಗಳಿನಲ್ಲಿ ಬೊಂಬಾಯಿ, ಮದರಾಸು ಮೊದಲಾದ ಪ್ರಾಂತ್ಯಗಳಲ್ಲಿ ಕಾಂಗ್ರೆಸ್ಸಿನ ಮಂತ್ರಿಮಂಡಲಗಳು ಅಧಿಕಾರಕ್ಕೆ ಬಂದಿದ್ದವು. ಕನ್ನಡನಾಡು ಆಗ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಿತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಬೊಂಬಾಯಿಗೂ, ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಮದರಾಸಿಗೂ ಸೇರಿದ್ದುದರಿಂದ ಈ ವಿಚಾರವು ಕನ್ನಡಿಗರಿಗೂ ನೇರವಾಗಿ ಸಂಬಂಧಿಸಿದುದಾಗಿದ್ದಿತು. ದೇಶದಲ್ಲಿ ಅಕ್ಷರ ಬಲ್ಲವರ ಸಂಖ್ಯೆ ೧೯೩೧ನೆಯ ಜನಗಣತಿಯಂತೆ ನೂರಕ್ಕೆ ಹತ್ತಕ್ಕಿಂತಲೂ ಕಡಮೆ. ಎಲ್ಲ ಮಕ್ಕಳಿಗೂ ಶಾಲೆ ತೆರೆಯಬೇಕೆಂದರೆ ಹಣವೆಲ್ಲಿ? ಪ್ರಾಂತ್ಯಗಳ ಬೊಕ್ಕಸಕ್ಕೆ ಇದ್ದ ಮುಖ್ಯ ಆಧಾರಗಳಲ್ಲಿ ಹೆಂಡ ಸಾರಾಯಿಗಳ ಮೇಲಣ ಅಬಕಾರಿ ಉತ್ಪನ್ನವು ಒಂದು. ಇತ್ತ ಪಾನನಿರೋಧವನ್ನು ಮಾಡುವೆವೆಂದು ಕಾಂಗ್ರೆಸ್ಸು ಮಾತು ಕೊಟ್ಟಿದ್ದಿತು. ಮದರಾಸಿನ ಪ್ರಧಾನಿಯಾಗಿದ್ದ ರಾಜಗೋಪಾಲಾಚಾರ್ಯರು ಅದೇ ಅಕ್ಟೋಬರ್ ಮೊದಲನೆಯ ದಿನ ಸೇಲಂ ಜಿಲ್ಲೆಯಲ್ಲಿ ಅದನ್ನು ಆರಂಭಿಸಿಯೂ ಬಿಟ್ಟಿದ್ದರು. ಹೆಂಡವನ್ನು ನಿಲ್ಲಿಸಿದರೆ ಶಾಲೆಗೆ ಹಣವಿಲ್ಲ. ಶಾಲೆಯನ್ನು ನಡೆಯಿಸಬೇಕಾದರೆ ಹೆಂಡವಿರಬೇಕು ಎಂಬ ಇಕ್ಕಟ್ಟು ಹೀಗೆ ಒದಗಿತು.

ಒಬ್ಬನ ಮನೆ ಹಾಳಾಗಿ ಬಂದ ಹಣದಿಂದ ಅವನ ಮಗುವಿಗೆ ಅಕ್ಷರ ಕಲಿಸುವುದು ಮಹಾತ್ಮರಿಗೆ ಸಹಿಸದ ಮಾತಾಗಿದ್ದಿತು. ಅವರು ವಿದ್ಯಾಭ್ಯಾಸವನ್ನು ಅರ್ಥವ್ಯವಸ್ಥೆಯೊಂದಿಗೆ ಸೇರಿಸಿ ಯೋಚಿಸಿದುದು ಇಲ್ಲಿಂದಲೇ. ವಾರ್ಧಾದ ಮಾರವಾಡಿ ಶಿಕ್ಷಣ ಸಂಸ್ಥೆಯ ರಜತೋತ್ಸವದ ಕಾಲದಲ್ಲಿ ಅಕ್ಟೋಬರ್ ೨೨ ಮತ್ತು ೨೩ರಂದು ಒಂದು ಪರಿಷತ್ತು ಸೇರಿತು. ಗಾಂಧಿಯವರೇ ಅಧ್ಯಕ್ಷರು. ಪ್ರಾಂತ್ಯಗಳ ಶಿಕ್ಷಣಮಂತ್ರಿಗಳೂ, ವಿನೋಬಾ, ಕಾಕಾ ಕಾಲೇಲ್ಕರ್, ಪ್ರಫುಲ್ಲಚಂದ್ರ ರಾಯ್, ಕೆ. ಟಿ. ಷಾ, ದಿಲ್ಲಿಯ ಜಾಮಿಯಾ ಮಿಲ್ಲಿಯಾ ಸಂಸ್ಥೆಯ ಡಾಕ್ಟರ್ ಜಾಕೀರ್ ಹುಸೇನ್ ಮೊದಲಾದವರೂ ಬಂದಿದ್ದರು.

ಭಾಷಣದ ಸಾರವನ್ನು ನನ್ನ ಮಾತುಗಳಲ್ಲಿ ಹೇಳುವೆನು. ಈಗಿನ ಪ್ರಾಥಮಿಕ ವಿದ್ಯಾಭ್ಯಾಸವು ಬರಿಯ ದುಂದುವೆಚ್ಚ, ಅಷ್ಟೇ ಅಲ್ಲ, ಕೇಡು. ಶಾಲೆಗೆ ಹೋದ ಹುಡುಗನು ತಂದೆತಾಯಿಗಳಿಗೂ ಅವರ ಕಸುಬಿಗೂ ಎರವಾಗುವನು. ಕಲಿತ ನಾಲ್ಕಕ್ಷರವನ್ನೂ ಕೆಲವು ವರ್ಷಗಳಲ್ಲಿ ಮರೆಯುವನು. ಇದಕ್ಕೆ ಪರಿಹಾರವೆಂದರೆ ಏಳರಿಂದ ಹದಿನಾಲ್ಕು ವರ್ಷದವರೆಗೆ ಒಂದು ಕೈಕಸುಬಿನ ಮೂಲಕವಾಗಿಯೇ ಎಲ್ಲವನ್ನೂ ಕಲಿಸುವುದು. ಓದಿನ ಜತೆಗೆ ಒಂದು ಕಸುಬನ್ನು ಅಂಟಿಸುವುದಲ್ಲ. ಕಸುಬಿನೊಳಗಿಂದಲೇ ಓದನ್ನು ಹೊರತೆಗೆಯುವುದು. ಇದಕ್ಕೆ ಅವರು ಕೊಟ್ಟ ಉದಾಹರಣೆ ತಕಲಿ. ಹತ್ತಿ ಎಲ್ಲಿ ಬೆಳೆಯುವುದು, ಯಾವ ಮಣ್ಣು ಬೇಕು ಎನ್ನುವಾಗ ಭೂಗೋಳ. ನಮ್ಮ ನೂಲು ನೇಯ್ಗೆಗಳು ಹೇಗೆ ನಾಶವಾದುವೆನ್ನುವಾಗ ಚರಿತ್ರೆ. ಎಳೆಗಳನ್ನು ಎಣಿಸಿ ನೂಲಿನ ಅಂಕವನ್ನು ಕಟ್ಟುವಾಗ ಗಣಿತ. ಹಂಜಿಯಿಂದ ಎಳೆ ಬರುವಂತೆ ಕೆಲಸದಿಂದ ಪಾಠವು ಬರಬೇಕು. ಇನ್ನು ಹಣದ ಮಾತು: ಮಕ್ಕಳು ತಯಾರಿಸಿದ ಸಾಮಾನುಗಳನ್ನು ಸರಕಾರವು ಕೊಂಡು, ಆ ಬೆಲೆಯಿಂದ ಉಪಾಧ್ಯಾಯರ ಸಂಬಳವು ಹೊರಡಬೇಕು. ಆಗ ಶಾಲೆಗೆ ಹೆಂಡದ ಹಣವೂ ಬೇಡ, ಹೊಸ ತೆರಿಗೆಯೂ ಬೇಡ.

ಪರಿಷತ್ತು ನಾಲ್ಕು ನಿರ್ಣಯಗಳನ್ನು ಮಾಡಿತು. ಏಳು ವರ್ಷಗಳ ಉಚಿತವೂ ಕಡ್ಡಾಯವೂ ಆದ ಶಿಕ್ಷಣವು ದೇಶಕ್ಕೆಲ್ಲ ಆಗಬೇಕೆಂಬುದು ಮೊದಲನೆಯದು. ಅದು ಮಾತೃಭಾಷೆಯಲ್ಲಿಯೇ ಆಗಬೇಕೆಂಬುದು ಎರಡನೆಯದು. ಉತ್ಪಾದಕವಾದ ಕೈಕೆಲಸವೊಂದು ಅದರ ಕೇಂದ್ರವಾಗಿರಬೇಕೆಂಬುದು ಮೂರನೆಯದು. ಕ್ರಮೇಣ ಉಪಾಧ್ಯಾಯರ ಸಂಬಳವು ಅದರಿಂದಲೇ ಹುಟ್ಟಬೇಕೆಂಬುದು ನಾಲ್ಕನೆಯದು. ವಿವರಗಳನ್ನು ಗೊತ್ತುಮಾಡಲು ಜಾಕೀರ್ ಹುಸೇನರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಕವಾಗಿ, ಆ ಡಿಸೆಂಬರ್ ತಿಂಗಳಿನಲ್ಲಿಯೇ ವರದಿಯನ್ನೊಪ್ಪಿಸಿತು. ಅದರ ವೇಳಾಪಟ್ಟಿಯನ್ನು ನೋಡಿದರೆ ಯೋಜನೆಯ ಸ್ವರೂಪವು ತಿಳಿಯುವುದು. ದಿನದ ಐದೂವರೆ ಗಂಟೆಗಳಲ್ಲಿ ಮೂಲೋದ್ಯೋಗಕ್ಕೆ ೩ ಗಂಟೆ ೨೦ ನಿಮಿಷ. ಸಂಗೀತ, ಚಿತ್ರಲೇಖನ, ಗಣಿತಗಳಿಗೆ ೪೦ ನಿಮಿಷ. ಮಾತೃಭಾಷೆಗೆ ೪೦ ನಿಮಿಷ. ಸಮಾಜಪಾಠ ಮತ್ತು ವಿಜ್ಞಾನಕ್ಕೆ ೩೦ ನಿಮಿಷ. ಉಳಿದ ೨೦ ನಿಮಿಷ ವ್ಯಾಯಾಮಕ್ಕೂ ವಿರಾಮಕ್ಕೂ. ವರ್ಷಕ್ಕೆ ೨೮೮ ಕೆಲಸದ ದಿನಗಳು. ಗುಣಿಸಿ ನೋಡಿದರೆ ಒಂದು ಮಗುವು ವರ್ಷಕ್ಕೆ ೯೬೦ ಗಂಟೆಗಳ ಕಾಲ ಕೈಕೆಲಸ ಮಾಡುವುದು.

ಇಷ್ಟನ್ನು ಓದಿದ ಮೇಲೆ ಒಬ್ಬ ಗೃಹಸ್ಥನಾಗಿ ನನ್ನ ಮನಸ್ಸಿನಲ್ಲಿ ಎದ್ದ ಭಾವನೆಗಳನ್ನು ಮುಚ್ಚಿಡದೆ ಹೇಳುವೆನು.

ಮೊದಲನೆಯದಾಗಿ, ಕೈಗೂ ಬುದ್ಧಿಗೂ ಇರುವ ನಂಟನ್ನು ಕುರಿತ ಮಾತು ಅಕ್ಷರಶಃ ಸತ್ಯ. ನನ್ನ ಮೊಮ್ಮಗನಿಗೆ ಕ್ಷೇತ್ರಫಲ ಗೊತ್ತು, ಬಟ್ಟೆ ಗೊತ್ತಿಲ್ಲ. ತಪ್ಪು ಅವನದಲ್ಲ, ಬಟ್ಟೆಯನ್ನು ಕೈಯಲ್ಲಿ ಹಿಡಿದು ಲೆಕ್ಕ ಮಾಡುವ ಸಂದರ್ಭವನ್ನು ನಾವಾರೂ ಅವನಿಗೆ ಒದಗಿಸಲಿಲ್ಲ. ಗೃಹಿಣಿಯರಿಗೆ ಇದು ನಮಗಿಂತ ಚೆನ್ನಾಗಿ ತಿಳಿದಿರುವುದು. ಹಾಲಿಗೆ ಹೆಪ್ಪು ಹಾಕುವಾಗ ಬಿಸಿ ಎಷ್ಟಿರಬೇಕು, ಚಳಿಗಾಲದಲ್ಲಿ ಹೆಪ್ಪು ಏಕೆ ಹೆಚ್ಚು ಬೇಕು, ನಾಲ್ವರ ಅಡಿಗೆಯನ್ನು ಹದಿನಾಲ್ವರಿಗೆ ಬೆಳೆಯಿಸುವಾಗ ಉಪ್ಪು ಹುಳಿಗಳನ್ನು ಹೇಗೆ ಏರಿಸಬೇಕು ಎಂಬುವುಗಳಲ್ಲಿ ವಿಜ್ಞಾನವೂ ಗಣಿತವೂ ಇರುವುವು. ಅಡಿಗೆಯ ಮನೆಯಲ್ಲಿ ಕುಳಿತು ಕಲಿತವಳು ಇದನ್ನು ಮರೆಯಲಾರಳು; ಪರೀಕ್ಷೆಗಾಗಿ ಉರುಹಚ್ಚಿದವನು ಪರೀಕ್ಷೆ ಮುಗಿದ ಮಾರನೆಯ ದಿನವೇ ಮರೆಯಬಲ್ಲನು.

ಎರಡನೆಯದು ಮಾತೃಭಾಷೆಯ ಮಾತು. ದರ್ಜಿಯು ನಿರಿಗೆ, ಮಡಿಕೆ, ಪನ್ನ ಎಂದು ಹೇಳಿದುದು ಹುಡುಗನಿಗೆ ಒಂದೇ ಸಲಕ್ಕೆ ತಿಳಿಯಿತು. ಅದೇ ಹುಡುಗನು ಪಾಠಗಳನ್ನು ಪರಭಾಷೆಯಲ್ಲಿ ಓದಿ, ಅರ್ಥವನ್ನು ಮನೆಗೆ ಬಂದು ಕೇಳುವನು. ಇದರ ಮೇಲೆ ಹೆಚ್ಚು ಹೇಳಬೇಕಾದುದಿಲ್ಲ.

ಮೂರನೆಯದು ಹಣದ ಮಾತು. ನಾನು ನಿಂತುಬಿಟ್ಟುದು ಇಲ್ಲಿ. ಮಗುವಿನ ದುಡಿಮೆಯಿಂದ ಗುರುವಿನ ಸಂಬಳ ಹುಟ್ಟಬೇಕೆಂದರೆ, ಆ ಗುರುವಿನ ಕಣ್ಣು ಮಗುವಿನ ಮುಖದ ಮೇಲಿರುವುದೆ, ನೂಲಿನ ಲಡಿಯ ಮೇಲಿರುವುದೆ? ಈ ಸಂದೇಹವು ನನ್ನದು ಮಾತ್ರವಲ್ಲ. ಯೋಜನೆಗೆ ಕೈಕಾಲು ಕೊಟ್ಟ ಜಾಕೀರ್ ಹುಸೇನರೇ ಈ ಅಪಾಯವನ್ನು ತೋರಿಸಿ, ಸ್ವಾವಲಂಬನೆಗೆ ಅತಿಯಾದ ಮಹತ್ವ ಕೊಟ್ಟರೆ ಉಪಾಧ್ಯಾಯರು ಬಡ ಹುಡುಗರಿಂದ ದುಡಿಸುವ ಯಜಮಾನರಾಗಬಹುದೆಂದು ಎಚ್ಚರಿಸಿದರು. ಶಾಲೆಯ ಸಾಮಾನು ಪೇಟೆಗೆ ಬಂದರೆ ಅದೇ ಕಸುಬಿನಿಂದ ಬದುಕುವವರ ಗತಿಯೇನೆಂದು ಅರ್ಥಶಾಸ್ತ್ರಜ್ಞರಾದ ಕೆ. ಟಿ. ಷಾರವರು ಕೇಳಿದರು. ಮಹಾತ್ಮರ ಎದುರಿನಲ್ಲಿಯೇ, ಅವರು ಅಧ್ಯಕ್ಷರಾಗಿದ್ದ ಸಭೆಯಲ್ಲಿಯೇ, ಇಂತಹ ಮಾತುಗಳನ್ನಾಡಲು ಅವಕಾಶವಿದ್ದುದನ್ನು ನಾವು ಗಮನಿಸಬೇಕು. ನಾಯಕರನ್ನು ಗೌರವಿಸುವುದೆಂದರೆ ಪ್ರಶ್ನೆ ಕೇಳದಿರುವುದಲ್ಲ. ೧೯೩೮ನೆಯ ಫೆಬ್ರವರಿಯಲ್ಲಿ ಹರಿಪುರದ ಕಾಂಗ್ರೆಸ್ಸು ಮೊದಲಿನ ಮೂರು ತತ್ತ್ವಗಳನ್ನು ಅಂಗೀಕರಿಸಿತು. ನಾಲ್ಕನೆಯದನ್ನು ತನ್ನ ನಿರ್ಣಯದಲ್ಲಿ ಸೇರಿಸಲಿಲ್ಲ.

ಆದರೆ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿದುದು ನಾಲ್ಕನೆಯ ವಿಷಯ. ಅದು ಭಾಷಣದಲ್ಲಿಲ್ಲ, ದರ್ಜಿಯ ಮಾತಿನಲ್ಲಿದೆ. ಕೈಕಸುಬಿನ ಹಿರಿಮೆಯನ್ನು ಹಾಡುವವರು ಯಾರು? ಅದರಿಂದ ಹೊಟ್ಟೆ ಹೊರೆಯಬೇಕಾಗಿಲ್ಲದವರು. ಅದರಿಂದಲೇ ಬದುಕುವವನು ತನ್ನ ಮಗನನ್ನು ಅದರಿಂದ ದೂರವಿಡಲು ಹಲ್ಲುಕಚ್ಚಿ ದುಡಿಯುತ್ತಿರುವನು. ಅವನಿಗೆ ಸೂಜಿಯೆಂದರೆ ಬುದ್ಧಿವಿಕಾಸದ ಸಾಧನವಲ್ಲ. ಬೆನ್ನುನೋವು, ಮಬ್ಬಾಗುವ ಕಣ್ಣು, ಏಕವಚನದ ಕರೆ. ತಲೆಮಾರುಗಳಿಂದ ಅಕ್ಷರವು ಯಾರ ಮನೆಗೆ ಬರಲಿಲ್ಲವೋ ಅವರಿಗೆ, ಈಗ ಬಾಗಿಲು ತೆರೆಯುವ ಹೊತ್ತಿಗೆ, ಪುಸ್ತಕದ ಬದಲು ಮತ್ತೆ ಕಸುಬನ್ನೇ ಕೈಗೆ ಕೊಟ್ಟರೆ ಸಂಶಯ ಬಾರದಿರುವುದೆ?

ಈ ಸಂಶಯವು ಎಷ್ಟು ಬಲವಾದುದೆಂಬುದು ಮುಂದೆ ಮದರಾಸಿನಲ್ಲಿ ಕಂಡುಬಂದಿತು. ೧೯೫೩ನೆಯ ಇಸವಿಯಲ್ಲಿ, ದಕ್ಷಿಣ ಕನ್ನಡವು ಇನ್ನೂ ಆ ರಾಜ್ಯದಲ್ಲಿದ್ದಾಗ, ಮುಖ್ಯಮಂತ್ರಿಗಳಾಗಿದ್ದ ರಾಜಗೋಪಾಲಾಚಾರ್ಯರು ಹಳ್ಳಿಯ ಮಕ್ಕಳಿಗೆ ಶಾಲೆಯ ಪಾಠವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತಿನಲ್ಲಿ ಮನೆಯ ಕಸುಬನ್ನು ಕಲಿಯಲೆಂದು ಒಂದು ಯೋಜನೆಯನ್ನು ತಂದರು. ಇದು ಕುಲಕಸುಬಿಗೆ ಕಟ್ಟಿಹಾಕುವ ಶಿಕ್ಷಣವೆಂದು ದೊಡ್ಡ ಪ್ರತಿಭಟನೆಯೆದ್ದಿತು. ೧೯೫೪ರಲ್ಲಿ ಅವರು ಅಧಿಕಾರವನ್ನು ಬಿಟ್ಟರು. ಅನಂತರ ಬಂದ ಕಾಮರಾಜರು ಯೋಜನೆಯನ್ನು ರದ್ದುಪಡಿಸಿದರು. ವಾರ್ಧಾ ಯೋಜನೆಗೂ ಇದಕ್ಕೂ ವ್ಯತ್ಯಾಸವುಂಟು. ಅಲ್ಲಿ ಕಸುಬು ಶಾಲೆಯೊಳಗೆ, ಎಲ್ಲ ಜಾತಿಯ ಮಕ್ಕಳಿಗೂ ಒಂದೇ. ಇಲ್ಲಿ ತಂದೆಯದು ಮಗನಿಗೆ. ಆದರೆ ನೋವುಂಡವನು ಈ ವ್ಯತ್ಯಾಸವನ್ನು ಅಳೆಯುತ್ತ ಕೂಡುವುದಿಲ್ಲ.

ವಾರ್ಧಾ ಯೋಜನೆಯ ಗತಿಯೂ ಸುಖಕರವಾಗಲಿಲ್ಲ. ೧೯೩೯ರಲ್ಲಿ ಯುದ್ಧದ ಕಾರಣ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಸ್ವಾತಂತ್ರ್ಯಾನಂತರ ಮೂಲಶಿಕ್ಷಣವೇ ರಾಷ್ಟ್ರದ ಪದ್ಧತಿಯೆಂದು ಸಾರಿದುದಾಯಿತು. ಬಹು ಕಡೆಗಳಲ್ಲಿ ತಕಲಿಯು ಬಂದಿತೇ ಹೊರತು ತಕಲಿಯಿಂದ ಪಾಠವನ್ನು ತೆಗೆಯಬಲ್ಲ ಉಪಾಧ್ಯಾಯರು ಬರಲಿಲ್ಲ. ೧೯೬೪ರಿಂದ ೧೯೬೬ರವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು 'ಕಾರ್ಯಾನುಭವ' ಎಂಬ ಬೇರೆ ಹೆಸರಿನಲ್ಲಿ ಅದರ ಒಂದಂಶವನ್ನು ಉಳಿಸಿಕೊಂಡಿತು. ಉಳ್ಳವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗಳಿಗೆ ಕಳುಹಿಸಿ, ಬಡವರ ಮಕ್ಕಳಿಗೆ ನೂಲುವ ಶಾಲೆಯನ್ನು ಹೊಗಳಿದರು. ಬಡವರು ಇದನ್ನು ಕಂಡರು, ಅರ್ಥಮಾಡಿಕೊಂಡರು. ಯೋಜನೆಯು ಸೋತುದಕ್ಕೆ ಇದಕ್ಕಿಂತ ಬಲವಾದ ಕಾರಣವು ನನಗೆ ಕಾಣದು.

ಮಹಾತ್ಮರ ಮೇಲೆ ಮಾತ್ರ ಈ ಆಕ್ಷೇಪಣೆಯು ನಿಲ್ಲದು. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಕ್ಷೇತ್ರದಲ್ಲಿ ಅವರು ತಮ್ಮ ಮಕ್ಕಳನ್ನು ಇತರರ ಮಕ್ಕಳೊಂದಿಗೇ ಮಣ್ಣಿಗಿಳಿಸಿದರು. ತಾವೇ ಚಪ್ಪಲಿ ಹೊಲಿಯುವುದನ್ನು ಕಲಿತು ಮಕ್ಕಳಿಗೂ ಕಲಿಸಿದರು. ಪುಸ್ತಕದ ವಿದ್ಯೆ ಸಾಲದೆ ಹೋಯಿತೆಂದು ತಮ್ಮ ಮಕ್ಕಳಿಗೆ ಕೊರಗು ಉಳಿದಿರುವುದನ್ನೂ ಅವರು ತಮ್ಮ ಆತ್ಮಕಥೆಯಲ್ಲಿ ಬಚ್ಚಿಡಲಿಲ್ಲ. ಹೇಳಿದುದನ್ನು ತಮ್ಮ ಮನೆಯಲ್ಲಿ ಮಾಡಿ, ಅದರ ಬೆಲೆಯನ್ನೂ ತೆತ್ತರು. ನಾವು ಬೆಲೆಯನ್ನು ನೆರೆಯವನಿಂದ ತೆರಿಸಲು ನೋಡಿದೆವು.

ಈಗಿನ ಕಾಲಕ್ಕೆ ಬರೋಣ. ೨೦೦೯ನೆಯ ಇಸವಿಯ ಕಾನೂನಿನಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವು ಹಕ್ಕಾಗಿದೆ. ೨೦೧೧ರ ಜನಗಣತಿಯಂತೆ ಅಕ್ಷರಸ್ಥರು ನೂರಕ್ಕೆ ಸುಮಾರು ೭೪. ಈ ಏರಿಕೆಯು ಮಕ್ಕಳು ನೂತ ನೂಲಿನಿಂದ ಬಂದುದಲ್ಲ, ಜನರು ತೆತ್ತ ತೆರಿಗೆಯಿಂದ ಬಂದುದು. ಹಣದ ವಿಷಯದಲ್ಲಿ ಸಂದೇಹಪಟ್ಟವರ ಮಾತೇ ನಿಜವಾಯಿತು. ಆದರೂ ಮಹಾತ್ಮರ ಇನ್ನೊಂದು ಪ್ರಶ್ನೆಗೆ ನಾವು ಉತ್ತರ ಕೊಟ್ಟಿಲ್ಲ: ಅಬಕಾರಿ ಆದಾಯವು ಇಂದಿಗೂ ನಮ್ಮ ರಾಜ್ಯದ ದೊಡ್ಡ ಆದಾಯಗಳಲ್ಲೊಂದು. ಕುಡಿದು ಬಂದವನ ಮನೆಯಲ್ಲಿ ಮಗುವು ಹಸಿದು ಮಲಗುವುದು. ಆ ಕುಡಿತದ ತೆರಿಗೆಯು ಸೇರಿದ ಬೊಕ್ಕಸದಿಂದಲೇ ಮರುದಿನ ಆ ಮಗುವಿನ ಶಾಲೆಯು ನಡೆಯುವುದು. ಕೈಕೆಲಸದ ಮಾತೂ ಪುನಃ ಬಂದಿದೆ. ಆರರಿಂದ ಎಂಟನೆಯ ತರಗತಿಯ ಮಕ್ಕಳು ಪುಸ್ತಕದ ಚೀಲವಿಲ್ಲದೆ ಹತ್ತು ದಿನ ಬಡಗಿ, ಕುಂಬಾರ, ತೋಟಗಾರ ಮೊದಲಾದವರ ಬಳಿ ಕಲಿಯಬೇಕೆಂದು ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯಲ್ಲಿ ಬರೆದಿರುವರು. ಅಂದಿನ ೯೬೦ ಗಂಟೆಗಳೆಲ್ಲಿ, ಇಂದಿನ ಹತ್ತು ದಿನಗಳೆಲ್ಲಿ! ಒಂದು ಅತಿಯಾಯಿತು, ಇನ್ನೊಂದು ಶಾಸ್ತ್ರಕ್ಕಾಯಿತು ಎಂದೇ ನನಗೆ ತೋರುವುದು.

ಸರಕಾರವು ಮಾಡಲಿ ಎಂದು ಕಾಯುವುದು ಗೃಹಸ್ಥನಿಗೆ ಲಕ್ಷಣವಲ್ಲ. ನಾಲ್ಕು ದಿನ ಯೋಚಿಸಿ ನಾನು ದರ್ಜಿಯ ಅಂಗಡಿಗೆ ಹೋದೆನು. "ನಿಮ್ಮ ಹುಡುಗನು ಸಂಜೆ ನಮ್ಮ ಮನೆಗೆ ಬರಲಿ, ಮೊಮ್ಮಗನ ಜತೆಯಲ್ಲಿ ಕುಳಿತು ಇಂಗ್ಲಿಷನ್ನೂ ಗಣಿತವನ್ನೂ ಓದಲಿ. ಇಬ್ಬರೂ ರಜದ ದಿನ ನಿಮ್ಮ ಬಳಿ ಹೊಲಿಗೆಯನ್ನು ಕಲಿಯಲಿ" ಎಂದೆನು. ಬಹಳ ಉದಾರವಾದ ಮಾತನ್ನಾಡಿದೆನೆಂದು ನನ್ನ ಎಣಿಕೆ. ಆತನು ಕತ್ತರಿಯನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಓದಲಿಕ್ಕೆ ಇವತ್ತೇ ಕಳಿಸ್ತೀನಿ ರಾಯರೆ. ಹೊಲಿಗೆಗೆ ಮೊದಲು ನಿಮ್ಮ ಮೊಮ್ಮಗ ಬರಲಿ. ಅವನು ಆರು ತಿಂಗಳು ಇಲ್ಲಿ ಕೂತಮೇಲೆ ನಮ್ಮ ಹುಡುಗನ ಮಾತು ನೋಡೋಣ" ಎಂದನು.

ಆ ಮಾತಿನಲ್ಲಿ ಕೋಪವಿರಲಿಲ್ಲ, ನ್ಯಾಯವಿದ್ದಿತು. ವಾರ್ಧಾದ ಸಭೆಗೆ ಈ ಮನುಷ್ಯನು ಹೋಗಿದ್ದರೆ ಐದನೆಯ ನಿರ್ಣಯವೊಂದನ್ನು ಸೂಚಿಸುತ್ತಿದ್ದನು: ಕೈಕಸುಬಿನ ಶಾಲೆಗೆ ಉಳ್ಳವರ ಮಕ್ಕಳು ಮೊದಲು ಸೇರತಕ್ಕದ್ದು.

ಮನೆಯಲ್ಲಿ ಈ ವಿಷಯವನ್ನು ಹೇಳಿದಾಗ ಸೊಸೆಯು, "ಪರೀಕ್ಷೆ ಹತ್ತಿರ ಬಂತಲ್ಲ ಮಾವ" ಎಂದು ಹಿಂಜರಿದಳು. ಆಕೆಯ ಕಳವಳವು ಸುಳ್ಳಲ್ಲ. ಈ ಕಾಲದಲ್ಲಿ ಒಂದೊಂದು ಅಂಕಕ್ಕೂ ಬೆಲೆಯಿದೆ. ಕೊನೆಗೆ ಶನಿವಾರದ ಎರಡು ಗಂಟೆಗಳೆಂದು ಒಪ್ಪಂದವಾಯಿತು. ಹುಡುಗನು ಈಗ ಮೂರು ವಾರಗಳಿಂದ ಹೋಗುತ್ತಿರುವನು. ಇದುವರೆಗೆ ಕಲಿತಿರುವುದು ಗುಂಡಿಯ ಮನೆ ಹೊಲಿಯುವುದಷ್ಟೆ, ಅದೂ ಸೊಟ್ಟಗೆ. ಆದರೆ ಮೊನ್ನೆ ಅಂಗಿಯನ್ನು ತೊಡುವಾಗ ತೋಳಿನ ಹೊಲಿಗೆಯನ್ನು ತಿರುಗಿಸಿ ನೋಡಿ, "ಇದನ್ನು ಮಾಡೋದು ಬಹಳ ಕಷ್ಟ ತಾತ" ಎಂದನು. ದರ್ಜಿಯನ್ನು ಕುರಿತು ಮಾತನಾಡುವಾಗ 'ಅವನು' ಎನ್ನುತ್ತಿದ್ದವನು 'ಅವರು' ಎನ್ನತೊಡಗಿರುವನು. ನಾನೂ ಹಾಗೆಯೇ ಹೇಳುವ ಅಭ್ಯಾಸವನ್ನು ಮಾಡಿಕೊಳ್ಳುತ್ತಿರುವೆನು. ಈ ಲೇಖನದಲ್ಲಿಯೇ ಮೊದಲಿನಿಂದ ನಾನು ಬರೆದುದನ್ನು ವಾಚಕರು ಗಮನಿಸಿರಬಹುದು.

ಅವರ ಮಗನು ದಿನವೂ ಸಂಜೆ ಬರುತ್ತಿರುವನು; ಜಾಣ ಹುಡುಗ. ಆತನು ಹೊಲಿಗೆಯನ್ನು ಕಲಿಯುವನೋ ಇಲ್ಲವೋ ನಾನರಿಯೆನು. ಅದನ್ನು ನಿಶ್ಚಯಿಸತಕ್ಕವರು ಅವನೂ ಅವನ ತಂದೆಯೂ. ದೇಶನಾಯಕರ ಭಾಷಣಗಳು ಇನ್ನೂ ಆಗುತ್ತಿರುವುವು. ವಿದ್ಯಾಭ್ಯಾಸವೂ ಉದ್ಯೋಗವೂ ಹೇಗಿರಬೇಕೆಂದು ಇನ್ನೂ ಅನೇಕರು ಹೇಳುವರು. ಅವುಗಳನ್ನು ಕೇಳಿದಾಗ ಗೃಹಸ್ಥರಾದ ನಾವು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು: ಇದು ಒಳ್ಳೆಯದೆಂದು ನನಗೆ ತೋರಿದರೆ, ನನ್ನ ಮಗುವಿನಿಂದ ಆರಂಭಿಸಲು ನಾನು ಸಿದ್ಧನೆ? ಸಿದ್ಧನಾದರೆ ತಲೆದೂಗಬಹುದು. ಇಲ್ಲವಾದರೆ ನೆರೆಯವರ ಮಗುವಿಗೆ ಅದನ್ನು ಹೇಳುವ ಅಧಿಕಾರವು ನಮಗಿಲ್ಲ.